ಕುಂಬಳೆಯಿಂದ ಕೋಟ್ಲಾಕ್ಕೆ

ಊರಿನಿಂದ ನೆಂಟರು ಬಂದಾಗ ನಾವು ಅವರನ್ನು ಕರೆದುಕೊಂಡು ಹೋಗುವ ಜಾಗಗಳಲ್ಲಿ ಫಿರೋಜ್ ಷಾ ಕೋಟ್ಲಾವೂ ಒಂದು. ಹಳೆಯ ದೆಹಲಿಯ ಅಂಚಿನಲ್ಲಿ ತುಘಲಕ್ ಸುಲ್ತಾನನು ಕಟ್ಟಿಸಿದ ಕೋಟೆಯ ಪಾಳುಗೋಡೆಗಳು, ಅವುಗಳ ನಡುವೆ ಆತ ದೂರದ ತೋಪ್ರಾದಿಂದ ಹೊರಿಸಿ ತಂದು ನಿಲ್ಲಿಸಿದ ಅಶೋಕನ ಕಂಬ. ಮಸ್ಕಿ, ಬ್ರಹ್ಮಗಿರಿಗಳ ಶಾಸನ ಕಂಡ ನಮ್ಮವರು ಆ ಕಂಬದ ಮುಂದೆ ನಿಂತು ಅಕ್ಷರಗಳನ್ನು ನೋಡಿ ತಲೆದೂಗುವುದುಂಟು. ಆದರೆ ಗೋಡೆಯ ಆಚೆಗೇ ಇರುವ ಕ್ರಿಕೆಟ್ ಮೈದಾನವನ್ನು ನೆಂಟರಿಗೆ ತೋರಿಸುವ ರೂಢಿ ನಮ್ಮಲ್ಲಿಲ್ಲ. ತೋರಿಸಬೇಕೆಂಬುದೇ ಈ ಲೇಖನದ ವಾದ. 2019ರಲ್ಲಿ ಆ ಕ್ರೀಡಾಂಗಣಕ್ಕೆ ಅರುಣ್ ಜೇಟ್ಲಿಯವರ ಹೆಸರಿಟ್ಟರು. ಆದರೂ ನಮ್ಮ ಬಾಯಲ್ಲಿ ಅದು ಕೋಟ್ಲಾವೇ. ಇಲ್ಲಿಯೂ ಹಾಗೆಯೇ ಕರೆಯುತ್ತೇವೆ.

ಅನಿಲ್ ಕುಂಬ್ಳೆ ಎಂದೊಡನೆ ಎಲ್ಲರೂ 1999ರ ಹತ್ತು ವಿಕೆಟ್ಟುಗಳ ಮಾತೆತ್ತುತ್ತಾರೆ. ಎತ್ತಲಿ, ಬೇಡವೆನ್ನುವವರು ಯಾರು? ಆದರೆ ಹದಿನೆಂಟು ವರ್ಷಗಳ ಒಂದು ವೃತ್ತಿಜೀವನವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿಬಿಡುವುದು ನ್ಯಾಯವಲ್ಲ. ಅವರ ಆಟದ ಬಾಳಿನಲ್ಲಿ ತಿರುವು ಬಂದಾಗಲೆಲ್ಲ ಅವರು ನಿಂತಿದ್ದುದು ಬೆಂಗಳೂರಿನ ಮೈದಾನದಲ್ಲಿ ಅಲ್ಲ, ನಮ್ಮ ಈ ಕೋಟ್ಲಾದಲ್ಲಿ. ಇದನ್ನು ಬೆಂಗಳೂರಿನವರು ಹೇಳಲಾರರು. ದೆಹಲಿಯವರಿಗೆ ಹೇಳುವ ಅಗತ್ಯ ಕಾಣದು. ಎರಡೂ ಕಡೆಗೆ ಸೇರಿದ ನಾವೇ ಹೇಳಬೇಕು.

ಕೋಟ್ಲಾದಲ್ಲಿ ಕನ್ನಡನಾಡಿನ ಸ್ಪಿನ್ ಬೌಲರುಗಳ ಕತೆ ಕುಂಬ್ಳೆಯವರಿಂದ ಆರಂಭವಾದದ್ದಲ್ಲ. 1969ರಲ್ಲಿ, ಆಗಿನ್ನೂ ನಮ್ಮದು ಮೈಸೂರು ರಾಜ್ಯ, ಆಸ್ಟ್ರೇಲಿಯಾದ ತಂಡ ಎರಡನೆಯ ಇನಿಂಗ್ಸಿನಲ್ಲಿ ಕೇವಲ 107 ರನ್ನಿಗೆ ಉರುಳಿತು. ಬೆಂಗಳೂರಿನ ಪ್ರಸನ್ನರಿಗೆ ಐದು, ದೆಹಲಿಯ ಪರ ಆಡುತ್ತಿದ್ದ ಬೇಡಿಯವರಿಗೆ ಐದು. ಅಣ್ಣತಮ್ಮಂದಿರ ಪಾಲಿನಂತೆ ಸಮಸಮ. ಮೂರು ವರ್ಷದ ಮೇಲೆ, 1972ರ ಡಿಸೆಂಬರಿನಲ್ಲಿ, ಅದೇ ಅಂಗಣದಲ್ಲಿ ಚಂದ್ರಶೇಖರ್ ಇಂಗ್ಲೆಂಡಿನ ಎಂಟು ಮಂದಿಯನ್ನು 79 ರನ್ನಿಗೆ ಕಿತ್ತರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ್ದ ಬಲಗೈಯಿಂದ ಅವರು ಎಸೆಯುತ್ತಿದ್ದ ಚೆಂಡು ಯಾವ ಕಡೆಗೆ ಹೋಗುತ್ತದೆಂದು ಆಡುವವನಿಗಿರಲಿ, ಕೆಲವೊಮ್ಮೆ ಎಸೆದವರಿಗೂ ತಿಳಿಯುತ್ತಿರಲಿಲ್ಲವೆಂದು ತಮಾಷೆ ಮಾಡುತ್ತಿದ್ದರು. ಪಂದ್ಯವನ್ನೇನೋ ಸೋತೆವು.

ಸೋಲಿನ ಮಾತು ಬಂದಿತಾಗಿ 1982ರ ರಣಜಿ ಫೈನಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಿಶ್ವನಾಥರ ನಾಯಕತ್ವದಲ್ಲಿ ಕರ್ನಾಟಕ ಕೋಟ್ಲಾದಲ್ಲಿ 705 ರನ್ ಹೊಡೆಯಿತು. ಏಳುನೂರ ಐದು! ಕಪ್ಪು ಬೆಂಗಳೂರಿಗೆ ಹೋದಂತೆಯೇ ಎಂದುಕೊಂಡವರಲ್ಲಿ ನಾವೂ ಇದ್ದೆವು. ಆಗ ಫೈನಲ್ ಪೂರ್ತಿ ಮುಗಿಯದಿದ್ದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರೇ ಗೆದ್ದವರು. ಮೊಹಿಂದರ್ ಅಮರನಾಥ್ 185 ಹೊಡೆದರೂ ದೆಹಲಿಯ ಎಂಟನೆಯ ವಿಕೆಟ್ ಬಿದ್ದಾಗ ಸ್ಕೋರು 589. ಇನ್ನು ಬೇಕಾದದ್ದು 117, ಉಳಿದವರು ಬೌಲರುಗಳು. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಎಂಬ ಆ ಇಬ್ಬರು ಅಲುಗದೆ ನಿಂತು 118 ಸೇರಿಸಿ 707 ಮಾಡಿಬಿಟ್ಟರು. ಆ ವಾರ ಕಚೇರಿಗಳಲ್ಲಿ ಪಂಜಾಬಿ ಸಹೋದ್ಯೋಗಿಗಳ ಮುಖ ನೋಡುವುದು ನಮಗೆ ಎಷ್ಟು ಕಷ್ಟವಾಯಿತೆಂಬುದನ್ನು ಹಿರಿಯ ವಾಚಕರು ಬಲ್ಲರು. ಆಗ ಅನಿಲ್ ಎಂಬ ಹುಡುಗನಿಗೆ ಹನ್ನೊಂದು ವರ್ಷ.

ಹುಡುಗ ಹುಟ್ಟಿದ್ದು 1970ರ ಅಕ್ಟೋಬರ್ 17ರಂದು, ಬೆಂಗಳೂರಿನಲ್ಲಿ. ಹೆಸರಿನ ಹಿಂದಿರುವ ಊರು ಮಾತ್ರ ಕಾಸರಗೋಡಿನ ಕುಂಬಳೆ. ರಾಜ್ಯಗಳ ಪುನರ್‌ವಿಂಗಡಣೆಯಾದಾಗ, 1956ರಲ್ಲಿ, ಕೇರಳಕ್ಕೆ ಸೇರಿಹೋದ ನೆಲ ಅದು. ಅದಕ್ಕಾಗಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿಡೀ ಮರುಗಿದರು, ಹೋರಾಡಿದರು. ಯಕ್ಷಗಾನ ಬಲ್ಲವರಿಗೆ ಕುಂಬಳೆ ಎಂದರೆ ಪಾರ್ತಿಸುಬ್ಬನ ಊರು. ನಿಜಾಮುದ್ದೀನಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೋಗುವ ಕರಾವಳಿಯ ನಮ್ಮವರು ಮಂಗಳೂರು ದಾಟಿ ಕಾಸರಗೋಡಿನ ಕಡೆಗೆ ಸಾಗುವಾಗ ಆ ಹೆಸರಿನ ಫಲಕ ಕಿಟಕಿಯಲ್ಲಿ ಹಾದುಹೋಗುವುದನ್ನು ಕಂಡಿರಬೇಕು. ಮನೆತನ ಊರು ಬಿಟ್ಟಿತು, ಹೆಸರು ಊರನ್ನು ಬಿಡಲಿಲ್ಲ. ಪರಸ್ಥಳದಲ್ಲಿ ಮಕ್ಕಳ ಹೆಸರಿಗೆ ಊರ ಹೆಸರು ಸೇರಿಸಿ, ಶಾಲೆಯ ಅರ್ಜಿಯಲ್ಲಿ ಅದು ತಂದೆಯ ಹೆಸರೋ ಮನೆತನದ್ದೋ ಎಂದು ವಿವರಿಸುತ್ತ ನಿಂತವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜು, ಬಳಿಕ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಮೊದಲು ಹುಡುಗ ಮಧ್ಯಮ ವೇಗದ ಬೌಲರ್; ಅಣ್ಣ ದಿನೇಶರ ಮಾತಿನಿಂದ ಲೆಗ್‌ಸ್ಪಿನ್ನಿಗೆ ಹೊರಳಿದ್ದು. ಪ್ರಸನ್ನ ಎಂಜಿನಿಯರ್, ಶ್ರೀನಾಥ್ ಎಂಜಿನಿಯರ್, ಕುಂಬ್ಳೆಯೂ ಎಂಜಿನಿಯರ್. ಪ್ರಸನ್ನರಂತೂ ಓದು ಮುಗಿಸಲೆಂದು 1962ರಿಂದ ಐದು ವರ್ಷ ಟೆಸ್ಟ್ ಆಟವನ್ನೇ ಬಿಟ್ಟುಕೊಟ್ಟವರು. ಆಟವಾಡಿ ಹೊಟ್ಟೆ ತುಂಬೀತೇ ಎಂಬ ನಮ್ಮ ಮನೆಗಳ ಹಳೆಯ ಅಂಜಿಕೆ ಈ ಪದವಿಗಳ ಹಿಂದಿದೆ. ಕುಂಬ್ಳೆಯವರ ಕಾಲಕ್ಕೆ ಅದು ಸ್ವಲ್ಪ ಸಡಿಲವಾಗಿತ್ತು ಅಷ್ಟೆ. ಆದರೂ ಪದವಿ ಕೈಗೆ ಬಂದ ಮೇಲೆಯೇ ಮನೆಯವರು ನೆಮ್ಮದಿಯ ಉಸಿರು ಬಿಟ್ಟಿದ್ದರೆ ನಮಗೇನೂ ಆಶ್ಚರ್ಯವಿಲ್ಲ.

1989ರಲ್ಲಿ ಕರ್ನಾಟಕ ತಂಡ. 1990ರ ಏಪ್ರಿಲಿನಲ್ಲಿ ಷಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ. ಆಗಸ್ಟಿನಲ್ಲಿ ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮೊದಲ ಟೆಸ್ಟು. ಮೂಗಿನ ಮೇಲೆ ದಪ್ಪ ಕನ್ನಡಕ ಏರಿಸಿಕೊಂಡ ಹತ್ತೊಂಬತ್ತರ ಹುಡುಗ. ಅದೇ ಮೈದಾನದಲ್ಲಿ 1956ರಲ್ಲಿ ಜಿಮ್ ಲೇಕರ್ ಎಂಬ ಇಂಗ್ಲೆಂಡಿನ ಬೌಲರ್ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ಪಡೆದಿದ್ದರು. ಟೆಸ್ಟಿನಲ್ಲಿ ಅಂಥದು ಹಿಂದೆ ನಡೆದಿರಲಿಲ್ಲ. ಹುಡುಗನಿಗೆ ದಕ್ಕಿದ್ದು ಮೂರು. ಅಲ್ಲಿಂದ ಬಂದ ಮೇಲೆ ಎರಡು ವರ್ಷ ಟೆಸ್ಟ್ ತಂಡ ಅವರನ್ನು ಕರೆಯಲಿಲ್ಲ.

ಇಲ್ಲಿ ಕೋಟ್ಲಾ ಪ್ರವೇಶಿಸುತ್ತದೆ. 1992ರಲ್ಲಿ ದೆಹಲಿ ರಣಜಿ ವಿಜೇತ ತಂಡ. ರೂಢಿಯಂತೆ ಆ ವಿಜೇತರ ವಿರುದ್ಧ ದೇಶದ ಉಳಿದ ಭಾಗದ ತಂಡವೊಂದು ಇರಾನಿ ಟ್ರೋಫಿಗಾಗಿ ಆಡಬೇಕು. ಉಳಿದ ಭಾಗದವರ ಪರವಾಗಿ ಕುಂಬ್ಳೆ ಬಂದು ದೆಹಲಿಯ ಹದಿಮೂರು ವಿಕೆಟ್ಟುಗಳನ್ನು ತೆಗೆದರು. ಹತ್ತು ವರ್ಷದ ಹಿಂದಿನ ಆ 707ರ ಬಡ್ಡಿಯನ್ನು ಒಬ್ಬನೇ ವಸೂಲು ಮಾಡಿದ ಎಂದು ನಮ್ಮ ಕೆಲವರು ಹೇಳಿಕೊಂಡದ್ದುಂಟು; ಆ ಲೆಕ್ಕ ನಮ್ಮದು, ಅವರದಲ್ಲ. ಅವರ ಲೆಕ್ಕ ಬೇರೆಯಿತ್ತು. ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಜಾಗ ಸಿಕ್ಕಿದ್ದು ಈ ಪಂದ್ಯದಿಂದ. 'ಜಂಬೋ' ಎಂಬ ಅಡ್ಡಹೆಸರು ಹುಟ್ಟಿದ್ದೂ ಇಲ್ಲಿಯೇ ಎಂದು ಅವರೇ ಹೇಳಿದ್ದಾರೆ. ಮಿಡ್ ಆನಿನಲ್ಲಿ ನಿಂತಿದ್ದ ನವಜೋತ್ ಸಿಧು, ಒಂದೆರಡು ಚೆಂಡು ನೆಲದಿಂದ ಥಟ್ಟನೆ ಚಿಮ್ಮಿದ್ದನ್ನು ಕಂಡು ಜಂಬೋ ಜೆಟ್ ಎಂದರಂತೆ. ಜೆಟ್ ಹಾರಿಹೋಯಿತು, ಜಂಬೋ ಉಳಿಯಿತು.

ಆ ಚಿಮ್ಮುವಿಕೆಯಲ್ಲೇ ಅವರ ಕಸುಬಿನ ಗುಟ್ಟಿದೆ. ಲೆಗ್‌ಸ್ಪಿನ್ ಎಂದರೆ ಮಣಿಕಟ್ಟು ತಿರುವಿ ಚೆಂಡನ್ನು ಬಲಗೈ ದಾಂಡಿಗನ ಕಾಲ ಕಡೆಯಿಂದ ಆಚೆಗೆ ಹೊರಳಿಸುವುದು. ಚೆಂಡು ಗಾಳಿಯಲ್ಲಿ ತೇಲಬೇಕು, ಇಳಿಯಬೇಕು, ಮೊಳದಷ್ಟು ತಿರುಗಬೇಕು ಎಂಬುದು ರಸಿಕರ ಅಪೇಕ್ಷೆ. ಕುಂಬ್ಳೆಯವರ ಚೆಂಡು ಅಷ್ಟಾಗಿ ತಿರುಗುತ್ತಿರಲಿಲ್ಲ. ಆರಡಿ ಮೀರಿದ ಎತ್ತರದಿಂದ, ಮಧ್ಯಮ ವೇಗದವರಿಗೆ ಸಮೀಪವಾದ ವೇಗದಲ್ಲಿ ಅದು ನೆಲಕ್ಕೆ ಬಡಿದು, ಒಮ್ಮೆ ಎದೆಗೆ ಏರುವುದು, ಒಮ್ಮೆ ಪಾದಕ್ಕೆ ಜಾರುವುದು; ತಿರುಗಿದರೆ ಎರಡು ಬೆರಳು. ಆ ಎರಡು ಬೆರಳು ಸಾಕಾಗುತ್ತಿತ್ತು. 'ಇವನು ಸ್ಪಿನ್ನರೇ ಅಲ್ಲ' ಎಂದು ಹೇಳಿದವರು ಬಹಳ ಮಂದಿ. ತಾಯ್ನೆಲದ ಪಿಚ್ಚುಗಳಲ್ಲಿ ಮಾತ್ರ ಹುಲಿ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ನಿಜದ ಅಂಶವಿಲ್ಲವೆಂದು ಅಭಿಮಾನದ ಭರದಲ್ಲಿ ನಾವು ಹೇಳೆವು: 619 ಟೆಸ್ಟ್ ವಿಕೆಟ್ಟುಗಳಲ್ಲಿ 350 ದೇಶದೊಳಗೆ ಬಂದವು. ಆದರೆ ಉಳಿದ 269 ಎಲ್ಲಿಂದ ಬಂದವು? 1992ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ 53 ರನ್ನಿಗೆ ಆರು ವಿಕೆಟ್ ಪಡೆದದ್ದು ಯಾವ ತವರಿನ ಪಿಚ್ಚು? 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರೇ ಟೆಸ್ಟುಗಳಲ್ಲಿ 24 ವಿಕೆಟ್ ಎತ್ತಿದಾಗ ಆಕ್ಷೇಪಿಸಿದವರೂ ಸುಮ್ಮನಾದರು.

ಈ ನಡುವೆ ಕೋಟ್ಲಾದಲ್ಲಿ ಅವರ ಲೆಕ್ಕ ಬೆಳೆಯುತ್ತಲೇ ಇತ್ತು. 1993ರ ಮಾರ್ಚಿಯಲ್ಲಿ ಜಿಂಬಾಬ್ವೆಯ ವಿರುದ್ಧ ಕಾಂಬ್ಳಿಯ ದ್ವಿಶತಕವನ್ನು ಎಲ್ಲರೂ ನೆನೆಯುತ್ತಾರೆ. ಎರಡನೆಯ ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತು ಪಂದ್ಯ ಮುಗಿಸಿದವರು ಕುಂಬ್ಳೆ. 1996ರ ಅಕ್ಟೋಬರಿನಲ್ಲಿ ತೆಂಡೂಲ್ಕರ್ ಮೊದಲ ಬಾರಿಗೆ ಟೆಸ್ಟ್ ನಾಯಕರಾಗಿ ಇಲ್ಲಿಗೆ ಬಂದು ಆಸ್ಟ್ರೇಲಿಯಾವನ್ನು ಸೋಲಿಸಿದಾಗ ಕುಂಬ್ಳೆಯವರಿಗೆ ಒಂಬತ್ತು ವಿಕೆಟ್. ಅದಕ್ಕೂ ಹಿಂದಿನ ವರ್ಷ ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಕೌಂಟಿಗೆ ಸಂಬಳದ ಆಟಗಾರರಾಗಿ ಹೋಗಿ ಒಂದೇ ಋತುವಿನಲ್ಲಿ 105 ವಿಕೆಟ್ ಪಡೆದು ಬಂದಿದ್ದರು. ದಿನವೂ ಬೆಳಿಗ್ಗೆ ಎದ್ದು ಚೆಂಡು ಹಿಡಿದು ಕೆಲಸಕ್ಕೆ ಹೋಗುವ ಬಾಳು ಅದು; ಮಳೆ, ಚಳಿ, ಖಾಲಿ ಗ್ಯಾಲರಿಗಳು. ಅವರ ಸ್ವಭಾವಕ್ಕೆ ಹೊಂದಿದ ಕೆಲಸವೆಂದು ನಮಗನಿಸುತ್ತದೆ.

ಇನ್ನು 1999. ಪಾಕಿಸ್ತಾನದ ತಂಡ ಬಹು ವರ್ಷಗಳ ಮೇಲೆ ಟೆಸ್ಟ್ ಆಡಲು ಬರುತ್ತಿತ್ತು. ಅದು ಕೂಡದೆಂದು ಜನವರಿಯಲ್ಲಿ ಕೆಲವರು ರಾತ್ರೋರಾತ್ರಿ ಕೋಟ್ಲಾಕ್ಕೆ ನುಗ್ಗಿ ಪಿಚ್ಚನ್ನೇ ಅಗೆದುಹಾಕಿದರು. ಇಲ್ಲಿ ನಡೆಯಬೇಕಿದ್ದ ಮೊದಲ ಟೆಸ್ಟ್ ಚೆನ್ನೈಗೆ ಹೋಯಿತು. ಅಲ್ಲಿ ಭಾರತ ಹನ್ನೆರಡೇ ರನ್ನಿನಿಂದ ಸೋತಿತು. ಪಿಚ್ಚಿಗೆ ತೇಪೆ ಹಾಕಿ ಎರಡನೆಯ ಟೆಸ್ಟನ್ನು ಫೆಬ್ರವರಿ 4ರಂದು ಇಲ್ಲಿ ಶುರುಮಾಡಿದರು. ನಾಲ್ಕನೆಯ ದಿನ ಭಾನುವಾರ, 7ನೇ ತಾರೀಖು. ಗೆಲ್ಲಲು ಪಾಕಿಸ್ತಾನಕ್ಕೆ 420 ಬೇಕು. ಅನ್ವರ್ ಮತ್ತು ಅಫ್ರಿದಿ ಒಂದೂ ವಿಕೆಟ್ ಬೀಳಗೊಡದೆ ನೂರು ದಾಟಿದರು. ಊಟಕ್ಕೆ ಮುಂಚೆ ಕುಂಬ್ಳೆಯವರಿಗೆ ಏನೂ ಸಿಕ್ಕಿರಲಿಲ್ಲ. ಮನೆಗಳಲ್ಲಿ ಟೀವಿಯ ಮುಂದಿದ್ದ ನಮ್ಮವರಲ್ಲಿ ಕೆಲವರು ಅನ್ನ ಸಾರು ಮುಗಿಸಿ ಮಲಗಲು ಹೋದರು. ಅವರು ಇಂದಿಗೂ ಅದನ್ನು ಹೇಳಿಕೊಂಡು ಪರಿತಪಿಸುತ್ತಾರೆ.

ಊಟದ ಬಳಿಕ ಅವರು ಕೊನೆ ಬದಲಿಸಿ ಪೆವಿಲಿಯನ್ ಕಡೆಯಿಂದ ಬೌಲ್ ಮಾಡತೊಡಗಿದರು. 101ರಲ್ಲಿ ಅಫ್ರಿದಿ, ಮುಂದಿನ ಚೆಂಡಿಗೇ ಇಜಾಜ್, 115ರಲ್ಲಿ ಇಂಜಮಾಮ್ ಮತ್ತು ಯೂಸುಫ್, 127ರಲ್ಲಿ ಮೊಯಿನ್, 128ರಲ್ಲಿ, ಅಷ್ಟು ಹೊತ್ತು ಕಂಬದಂತೆ ನಿಂತಿದ್ದ ಅನ್ವರ್. ಇಪ್ಪತ್ತೇಳು ರನ್ನಿನೊಳಗೆ ಆರು ಮಂದಿ, ಆರೂ ಒಬ್ಬರಿಗೇ. ಸಲೀಂ ಮಲಿಕ್ ಮತ್ತು ವಾಸಿಂ ಅಕ್ರಂ ಸ್ವಲ್ಪ ಹೊತ್ತು ತಡೆದರು. ಚಹಾ ವಿರಾಮದ ನಂತರ ಮಲಿಕ್ ಹೋದರು. 198ರಲ್ಲಿ ಮುಷ್ತಾಕ್ ಮತ್ತು ಸಕ್ಲೇನ್ ಎರಡು ಚೆಂಡಿನಲ್ಲಿ ಹೋದರು. ಒಂಬತ್ತು.

ಆ ಮೇಲೆ ಇನ್ನೊಂದು ಕಡೆಯಿಂದ ಶ್ರೀನಾಥರ ಓವರು. ನಮ್ಮ ದೃಷ್ಟಿಯಲ್ಲಿ ಆ ದಿನದ ಅತ್ಯಂತ ಸೊಗಸಾದ ಓವರು ಅದು. ವಿಕೆಟ್ ತೆಗೆಯುವುದೇ ಕಸುಬಾದವರು, ಗೆಳೆಯನಿಗೆ ದಕ್ಕಬೇಕಾದದ್ದು ತನಗೆಲ್ಲಿ ದಕ್ಕಿಬಿಡುತ್ತದೋ ಎಂದು ಹೆದರಿ ಚೆಂಡನ್ನು ಸ್ಟಂಪಿನಿಂದ ದೂರ ದೂರಕ್ಕೆ ಎಸೆದರು. ಅವರಿಗಂತೂ ಕೈಯೆಲ್ಲ ತಡವರಿಸಿದಂತೆ ಕಂಡಿತು. ಮುಂದಿನ ಓವರಿನಲ್ಲಿ ಅಕ್ರಂ ಶಾರ್ಟ್ ಲೆಗ್ಗಿನಲ್ಲಿದ್ದ ಲಕ್ಷ್ಮಣರ ಕೈಗೆ ಕ್ಯಾಚಿತ್ತರು. 26.3 ಓವರು, 9 ಮೇಡನ್, 74 ರನ್, 10 ವಿಕೆಟ್. ಕೊನೆ ಬದಲಿಸಿದ ಬಳಿಕದ ಲೆಕ್ಕ ಮಾತ್ರ ತೆಗೆದರೆ 47 ರನ್ನಿಗೆ ಹತ್ತು. ಪಾಕಿಸ್ತಾನ 207ಕ್ಕೆ ಮುಗಿದು ಭಾರತ 212 ರನ್ನಿನಿಂದ ಗೆದ್ದಿತು. ಲೇಕರ್ ಬಳಿಕ ನಲವತ್ತಮೂರು ವರ್ಷಕ್ಕೆ ಇದು ಎರಡನೆಯ ಸಲ. ಮೂರನೆಯವರು ಮುಂಬಯಿಯಲ್ಲಿ ಹುಟ್ಟಿ ನ್ಯೂಜಿಲೆಂಡಿಗೆ ಆಡಿದ ಏಜಾಜ್ ಪಟೇಲ್, 2021ರಲ್ಲಿ.

ತೇಪೆ ಹಾಕಿದ ಪಿಚ್ಚಾದ್ದರಿಂದ ಇದರಲ್ಲಿ ಹೆಚ್ಚುಗಾರಿಕೆಯಿಲ್ಲ ಎಂದವರೂ ಉಂಟು. ಅದೇ ಪಿಚ್ಚಿನಲ್ಲಿ ಬೇರೆ ಬೌಲರುಗಳೂ ಎಸೆದರಲ್ಲ? ಮೊದಲ ವಿಕೆಟ್ಟಿಗೆ ನೂರೊಂದು ರನ್ ಬಂದದ್ದೂ ಅಲ್ಲಿಯೇ. ಇನ್ನೊಂದು ಸಂಗತಿ ದೆಹಲಿಯ ಪತ್ರಿಕೆಗಳ ಕಣ್ಣಿಗೆ ಬೀಳಲಿಲ್ಲ, ನಮ್ಮ ಕಣ್ಣಿಗೆ ಬಿತ್ತು. ಬೌಲರ್ ಕುಂಬ್ಳೆ, ಇನ್ನೊಂದು ಕೊನೆಯಲ್ಲಿ ಶ್ರೀನಾಥ್, ಅವರ ಜೊತೆಗಾರ ವೆಂಕಟೇಶ್ ಪ್ರಸಾದ್, ಮುಷ್ತಾಕರ ಕ್ಯಾಚ್ ಹಿಡಿದವರು ದ್ರಾವಿಡ್, ಬೆರಳೆತ್ತಿದ ಅಂಪೈರ್ ಎ.ವಿ. ಜಯಪ್ರಕಾಶ್. ಐವರೂ ಕರ್ನಾಟಕದವರು. ಮೈದಾನದ ನಡುವೆ ಅಂದು ಕನ್ನಡ ಎಷ್ಟು ಕೇಳಿಸಿತೋ, ಗ್ಯಾಲರಿಯಲ್ಲಂತೂ ನಮ್ಮ ಗುಂಪಿನ ಕಡೆಯಿಂದ ಕೇಳಿಸಿತು. ಮರುದಿನ ಕಚೇರಿಯಲ್ಲಿ, ಅದುವರೆಗೆ ನಮ್ಮನ್ನೆಲ್ಲ ಒಟ್ಟಿಗೆ 'ಮದ್ರಾಸಿ' ಎಂದು ಕರೆಯುತ್ತಿದ್ದವರೊಬ್ಬರು ಬಂದು, ಕುಂಬ್ಳೆ ನಿಮ್ಮ ಊರಿನವರೇ ಎಂದು ಕೇಳಿದರು. ಹೌದೆಂದೆವು. ಯಾವ ಊರು ಎನ್ನುವುದನ್ನು ವಿವರಿಸಲು ಭೂಪಟ ಬೇಕಾಗುತ್ತಿತ್ತು.

ಆ ದಿನದ ಮೇಲೆ ಇನ್ನೂ ಒಂಬತ್ತು ವರ್ಷ ಅವರು ಆಡಿದರೆಂಬುದನ್ನು ಜನ ಮರೆಯುತ್ತಾರೆ. ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂದು ವರ್ಷ ಮನೆಯಲ್ಲಿ ಕುಳಿತರು. ಇವರ ಕತೆ ಮುಗಿಯಿತೆಂದು ಹೇಳಿದವರೂ ಇದ್ದರು. 2002ರ ಮೇಯಲ್ಲಿ ಆಂಟಿಗಾದಲ್ಲಿ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಡಬೇಕಾದವರು ತಲೆಗೂ ಗಲ್ಲಕ್ಕೂ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದು ಒಂದೇ ಸಮನೆ ಹದಿನಾಲ್ಕು ಓವರ್ ಬೌಲ್ ಮಾಡಿ ಲಾರಾರನ್ನು ಔಟ್ ಮಾಡಿ ಹೋದರು. 2005ರಲ್ಲಿ ಕೋಟ್ಲಾದಲ್ಲಿ ಶ್ರೀಲಂಕೆಯ ಹತ್ತು ವಿಕೆಟ್. 2007ರಲ್ಲಿ ಲಂಡನ್ನಿನ ಓವಲಿನಲ್ಲಿ ಬ್ಯಾಟು ಹಿಡಿದು ಔಟಾಗದೆ 110. ಮೊದಲ ಶತಕ ಬರಲು 118 ಟೆಸ್ಟ್ ಬೇಕಾದವು.

ಅದೇ ವರ್ಷ ದ್ರಾವಿಡ್ ನಾಯಕತ್ವ ಬಿಟ್ಟುಕೊಟ್ಟಾಗ ಮೂವತ್ತೇಳರ ಕುಂಬ್ಳೆಯವರ ಹೆಗಲಿಗೆ ಅದು ಬಂತು. ಮೊದಲ ಟೆಸ್ಟ್ ಎಲ್ಲಿ? ಕೋಟ್ಲಾದಲ್ಲಿ. ಎದುರಾಳಿ ಯಾರು? ಪಾಕಿಸ್ತಾನ. ಏಳು ವಿಕೆಟ್ ತೆಗೆದು ಗೆಲ್ಲಿಸಿದರು. ಎರಡು ತಿಂಗಳ ಬಳಿಕ ಸಿಡ್ನಿಯಲ್ಲಿ ಕೆಟ್ಟ ಗಲಾಟೆಯಾದಾಗ, ಆಟದ ಮನೋಧರ್ಮದಿಂದ ಆಡಿದ್ದು ಒಂದೇ ತಂಡ ಎಂದು ಅವರು ತಣ್ಣಗೆ ಹೇಳಿದ ಮಾತು ದೇಶವಿದೇಶಗಳಲ್ಲಿ ಅಚ್ಚಾಯಿತು. ಪರ್ತಿನಲ್ಲಿ 600ನೆಯ ವಿಕೆಟ್ಟೂ ಆಯಿತು, ಗೆಲುವೂ ಆಯಿತು. ಬಡಬಡಿಸದೆ ಮಾತಾಡುವ ಆ ರೀತಿ ಮುಂದೆ ಎಲ್ಲರೊಡನೆ ಹೊಂದಲಿಲ್ಲ. 2016ರಲ್ಲಿ ಭಾರತ ತಂಡದ ತರಬೇತುದಾರರಾಗಿ, ನಾಯಕನಿಗೆ ತಮ್ಮ ಶೈಲಿ ಒಪ್ಪಿಗೆಯಿಲ್ಲವೆಂದು ತಿಳಿದೊಡನೆ ಒಂದೇ ವರ್ಷಕ್ಕೆ ಬಿಟ್ಟು ನಡೆದರು. ನಾಯಕ ದೆಹಲಿಯ ವಿರಾಟ್ ಕೊಹ್ಲಿ. ಆ ವಾರ ನಮ್ಮ ಮನೆಗಳಲ್ಲಿ ಅಪ್ಪಂದಿರು ಒಂದು ಕಡೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಇನ್ನೊಂದು ಕಡೆ.

ಕೋಟ್ಲಾದ ಮಾತಿಗೆ ಮರಳೋಣ. 2008ರ ಅಕ್ಟೋಬರ್ ಕೊನೆಯಲ್ಲಿ ಆಸ್ಟ್ರೇಲಿಯಾ ಮತ್ತೆ ಬಂದಿತ್ತು. ಗಂಭೀರ್, ಲಕ್ಷ್ಮಣ್ ಇಬ್ಬರೂ ದ್ವಿಶತಕ ಹೊಡೆದ ಪಂದ್ಯ. ನಾಯಕರ ಎಡಗೈಯ ಕಿರುಬೆರಳು ಹರಿದು ಹನ್ನೊಂದು ಹೊಲಿಗೆ ಬಿದ್ದವು. ಆ ಪಂದ್ಯದಲ್ಲಿ ಬಂದದ್ದು ಮೂರು ವಿಕೆಟ್. ಕೊನೆಯದು ಮಿಚೆಲ್ ಜಾನ್ಸನ್, ತಾವೇ ಎಸೆದು ತಾವೇ ಹಿಡಿದ ಕ್ಯಾಚು. ಅದು 619ನೆಯದು. ಭಾರತದ ಯಾವ ಬೌಲರನೂ ಟೆಸ್ಟಿನಲ್ಲಿ ಆ ಸಂಖ್ಯೆಯನ್ನು ಈತನಕ ಮುಟ್ಟಿಲ್ಲ. ಕೋಟ್ಲಾದ ಏಳು ಟೆಸ್ಟುಗಳ ಪಾಲು ಅದರಲ್ಲಿ 58, ಒಂದೊಂದಕ್ಕೆ ಹದಿನೇಳು ರನ್ನಿಗೂ ಕಡಮೆ.

ನವೆಂಬರ್ 2, ಅದೂ ಭಾನುವಾರವೇ. ಪಂದ್ಯ ಡ್ರಾ ಆಗುವುದು ಖಚಿತವಾದ್ದರಿಂದ ಗ್ಯಾಲರಿಯಲ್ಲಿ ಜನ ತೆಳುವಾಗಿದ್ದರು. ಇದೇ ಕೊನೆಯೆಂದು ಸುದ್ದಿ ಹಬ್ಬಿದಾಗ, ಮನೆಯಲ್ಲಿದ್ದ ನಮ್ಮವರಿಗೆ ಫೋನು ಮಾಡಿ ಬನ್ನಿ ಎನ್ನಲೂ ಹೊತ್ತಿರಲಿಲ್ಲ. ಪಟ್ಟಿ ಸುತ್ತಿದ ಕೈಯಲ್ಲೇ ಅವರು ಕೆಲವು ಓವರ್ ಬೌಲ್ ಮಾಡಿದರು. ವಿಕೆಟ್ ಬೀಳಲಿಲ್ಲ. ಆಟ ಮುಗಿದ ಮೇಲೆ ಜೊತೆಯ ಆಟಗಾರರು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದರು. ನಮ್ಮ ಕಡೆ ಬಂದಾಗ ನಾವು ಕನ್ನಡದಲ್ಲಿ ಕೂಗಿದೆವು; ಆ ಗದ್ದಲದಲ್ಲಿ ಅವರಿಗೆ ಕೇಳಿಸಿರಲಾರದು. ಹೊರಗೆ ಬಂದಾಗ ಕತ್ತಲಾಗುತ್ತಿತ್ತು, ದೆಹಲಿ ದರವಾಜೆಯ ಬಸ್ಸಿಗೆ ಎಂದಿನಂತೆ ನೂಕುನುಗ್ಗಲು. ಮರುದಿನ ಸೋಮವಾರ, ಕಚೇರಿಯಿತ್ತು.